ಅಕ್ಕನ ಸೊಂಟದ ಅಳತೆ

ಆ ದರ್ಜಿಯ ಬಾಯಿಂದ ಯಾರಿಗೂ ನೋವಾಗುವ ಅಂಕಿ ಬಂದದ್ದಿಲ್ಲ. ಸೊಂಟಕ್ಕೆ ಟೇಪು ಸುತ್ತಿದಾಗ ಮೂವತ್ತೆಂಟು ಕಂಡರೆ "ಮೂವತ್ತೈದು" ಎನ್ನುವನು. ಬಟ್ಟೆ ಕತ್ತರಿಸುವಾಗ ಮನಸ್ಸಿನಲ್ಲೇ ಮೂರು ಸೇರಿಸಿಕೊಳ್ಳುವನು. ಬಟ್ಟೆ ಮೈಗೆ ಸರಿಯಾಗಿ ಕೂರುತ್ತಿತ್ತು, ತೊಟ್ಟವರ ಮುಖ ಅರಳುತ್ತಿತ್ತು. ಇಂಥ ಸುಳ್ಳಿಗೆ ದೇವರೂ ಮುನಿಯಲಾರ ಎಂದು ಅವನು ನಂಬಿದ್ದ.

ಅಂಗಡಿಯಲ್ಲಿ ಗುಂಡಿ ಹೊಲಿಯುವವಳು ಅವನ ಅಕ್ಕ, ಅವನನ್ನು ಎತ್ತಿ ಆಡಿಸಿದವಳು. ಬೆಳಗ್ಗೆ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತಳೆಂದರೆ ಏಳುವುದು ಅಂಗಡಿ ಮುಚ್ಚುವಾಗಲೇ. ಈಚೆಗೆ ಅವಳ ನೀರಿನ ಹೂಜಿ ಮಧ್ಯಾಹ್ನದೊಳಗೆ ಎರಡು ಸಲ ಖಾಲಿಯಾಗುತ್ತಿತ್ತು. ದಾರ ಪೋಣಿಸುತ್ತಲೇ ತೂಕಡಿಸುತ್ತಿದ್ದಳು. ಇಸ್ತ್ರಿಪೆಟ್ಟಿಗೆ ತಾಗಿ ಬೆರಳಿಗಾದ ಸುಟ್ಟಗಾಯ ತಿಂಗಳಾದರೂ ಮಾಗಿರಲಿಲ್ಲ.

ಒಂದು ದಿನ ಕೋಟಿನ ಕಿಸೆ ಹೊಲಿಸಲು ಬಂದ ಆಸ್ಪತ್ರೆಯ ನರ್ಸಮ್ಮ ಆ ಬೆರಳನ್ನು ನೋಡಿದಳು.

"ಅಕ್ಕಾ, ಇದೆಷ್ಟು ದಿನದ ಗಾಯ?"

"ತಿಂಗಳಾಯ್ತೇನೋ. ವಯಸ್ಸಾಯ್ತಲ್ಲಮ್ಮ, ಚರ್ಮಕ್ಕೂ ಸೋಮಾರಿತನ."

"ರಕ್ತದ ಸಕ್ಕರೆ ನೋಡಿಸಿದೀರಾ? ಸೊಂಟದ ಅಳತೆ ಎಷ್ಟು?"

ಅಕ್ಕ ನಕ್ಕುಬಿಟ್ಟಳು. "ಗಾಯ ಬೆರಳಿಗೆ, ವಿಚಾರಣೆ ಸೊಂಟಕ್ಕೆ!"

"ಎರಡಕ್ಕೂ ಸಂಬಂಧ ಇರಬಹುದು ಅಕ್ಕಾ. ಹೊಟ್ಟೆ ಕೊಬ್ಬು ಸುಮ್ನೆ ಬಿದ್ದಿರೋ ಮೂಟೆ ಅಲ್ಲ. ಅದು ಪ್ರೋಟೀನ್ ತಯಾರಿಸಿ ರಕ್ತಕ್ಕೆ ಬಿಡುತ್ತೆ. ಅವು ಮೈಯೆಲ್ಲ ಓಡಾಡಿ ಸುದ್ದಿ ಮುಟ್ಟಿಸ್ತವೆ. ಲೆಪ್ಟಿನ್ ಅಂತ ಒಂದಿದೆ, 'ಸಾಕು, ಊಟ ನಿಲ್ಲಿಸು' ಅಂತ ಮಿದುಳಿಗೆ ಹೇಳೋದು ಅದೇ."

"ನನಗ್ಯಾರೂ ಸಾಕು ಅನ್ನಲ್ಲಪ್ಪ!"

"ಕೊಬ್ಬು ಜಾಸ್ತಿ ಆದ್ರೆ ಅದು ಕೂಗ್ತಾನೇ ಇರುತ್ತೆ, ಮಿದುಳು ಕಿವಿಗೆ ಹಾಕ್ಕೊಳ್ಳಲ್ಲ. ನಿಮ್ಮ ತಮ್ಮ ತುಳೀತಿರೋ ಈ ಹೊಲಿಗೆ ಮಿಷನ್ ಸದ್ದು ನಿಮಗೆ ಕೇಳಿಸ್ತಾ ಇತ್ತಾ?"

ಅಕ್ಕ ಕಿವಿಗೊಟ್ಟಳು. "ಹೌದಲ್ಲ! ನೀನು ಹೇಳಿದ್ಮೇಲೇ ಕೇಳಿಸ್ತು."

"ಮಿದುಳಿಗೂ ಹಾಗೇ ರೂಢಿ ಆಗಿಬಿಡುತ್ತೆ. ಇನ್ನೊಂದು ಅಡಿಪೊನೆಕ್ಟಿನ್. ಅದು ಒಳ್ಳೇದು. ಸಕ್ಕರೆ ರಕ್ತದಿಂದ ಮೈಗೆ ಸೇರೋ ಹಾಗೆ ಇನ್ಸುಲಿನ್‌ಗೆ ಕೈಜೋಡಿಸುತ್ತೆ. ಹೊಟ್ಟೆ ಕೊಬ್ಬು ಹೆಚ್ಚಿದ ಹಾಗೆ ಅದು ಕಮ್ಮಿ ಆಗುತ್ತೆ. ಆಗ ಸಕ್ಕರೆ ರಕ್ತದಲ್ಲೇ ನಿಲ್ಲುತ್ತೆ. ದಾಹ, ಸುಸ್ತು, ಮಾಗದ ಗಾಯ ಎಲ್ಲಾ ಆಮೇಲಿಂದು. ನಿಮ್ಮ ತಪ್ಪು ಅಂತ ಹೇಳ್ತಿಲ್ಲ. ನಮ್ಮಂಥ ಹೆಂಗಸರಿಗೆ ಸೊಂಟ ಮೂವತ್ತೊಂದೂವರೆ ಇಂಚು, ಗಂಡಸರಿಗೆ ಮೂವತ್ತೈದೂವರೆ ದಾಟಿದ್ರೆ ಪರೀಕ್ಷೆ ಮಾಡಿಸಬೇಕು."

"ಹಾಗಾದ್ರೆ ನಾನು ಪಾಸು!" ಅಕ್ಕ ನಿರಾಳವಾಗಿ ಗೋಡೆಗೆ ಒರಗಿದಳು. "ನಂದು ಮೂವತ್ತೊಂದು. ಆರು ವರ್ಷದಿಂದ ಒಂದು ಕೂದಲೆಳೆ ಆಚೀಚೆ ಆಗಿಲ್ಲ. ಅಳೆಯೋನು ನನ್ನ ತಮ್ಮ."

ಮಿಷನ್ ಸದ್ದು ನಿಂತಿತು.

"ಆದ್ರೂ ಆಸ್ಪತ್ರೆಗೆ ಬನ್ನಿ ಅಕ್ಕಾ. ಈ ಗಾಯ ನೋಡಿದ್ರೆ ಅಳತೆ ಎಷ್ಟಿದ್ರೂ ಬರಲೇಬೇಕು."

"ಸೂಜಿ ಚುಚ್ಚಿಸ್ಕೊಳ್ಳೋಕೆ ಅಷ್ಟು ದೂರ ಯಾಕಮ್ಮ? ಇಲ್ಲೇ ದಿನಕ್ಕೆ ಹತ್ತು ಸಲ ಚುಚ್ಕೋತೀನಿ."

ದರ್ಜಿಯ ಪಾದ ಪೆಡಲಿನ ಮೇಲೆ ಹಾಗೇ ಉಳಿಯಿತು. ಅವಳ ಮುಖ ಬಾಡದಿರಲೆಂದು ಹೇಳಿದ ಅಂಕಿಯನ್ನು ಅವಳು ಹೀಗೆ ನಂಬಿ ಕೂತಿದ್ದಾಳೆಂದು ಅವನು ಎಣಿಸಿಯೇ ಇರಲಿಲ್ಲ. ದೇವರೇ, ಈಗಲಾದರೂ ನನ್ನ ಬಾಯಿ ಬಿಡಿಸು, ಎಂದುಕೊಂಡ.

"ಅಕ್ಕಾ, ಏಳು. ಇನ್ನೊಂದ್ಸಲ ಅಳೀತೀನಿ."

"ಯಾಕೋ, ಹೊಸ ಬಟ್ಟೆ ಹೊಲೀತೀಯಾ?"

"ಏಳು ಅಂದ್ನಲ್ಲ."

ಉಸಿರು ಬಿಡಲು ಹೇಳಿ ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿದ. "ಮೂವತ್ತೇಳು" ಎಂದ. "ಮೂವತ್ತೊಂದು ಅನ್ನೋದು ಆರು ವರ್ಷದ ಹಿಂದಿನ ಮಾತು. ಆಮೇಲೆ ಪ್ರತಿ ಸಲ ಸುಳ್ಳು ಹೇಳ್ದೆ. ನಿನ್ನ ಮುಖ ಸಪ್ಪಗಾಗೋದು ನೋಡೋಕಾಗ್ಲಿಲ್ಲ."

ಅಕ್ಕ ಟೇಪು ಕಿತ್ತುಕೊಂಡು ಅವನ ಭುಜಕ್ಕೆ ಬಾರಿಸಿದಳು. "ಲೋ ಕಳ್ಳ! ಬೀದಿಯೆಲ್ಲ ಮೂವತ್ತೊಂದು ಅಂತ ಸಾರ್ಕೊಂಡು ಬಂದಿದೀನಲ್ಲೋ!" ನಗುತ್ತಿದ್ದವಳ ಕಣ್ಣು ತುಂಬಿತು. "ಹೆದರಿಕೆ ಆಗುತ್ತೆ ಕಣೋ."

"ನಾನೂ ಜೊತೆಗೆ ಬರ್ತೀನಿ."

"ಬರದೆ ಇರ್ತೀಯಾ? ಆ ನಿನ್ನ ಹೊಟ್ಟೆ ಇಷ್ಟು ವರ್ಷ ಯಾರು ಅಳೆದಿದ್ದಾರೆ?"

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಅಕ್ಕನ ಸಕ್ಕರೆ ಏರಿತ್ತು, ಆದರೆ ಕಣ್ಣಿಗೂ ಮೂತ್ರಪಿಂಡಕ್ಕೂ ಇನ್ನೂ ಪೆಟ್ಟು ಬಿದ್ದಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ತಟ್ಟೆಯಲ್ಲಿ ತರಕಾರಿ ಹೆಚ್ಚಿಸಿ, ದಿನಾ ನಡೆಯಿರಿ ಎಂದರು. ಈಗ ಅಕ್ಕ ಒಂದು ಅಂಗಿಯ ಗುಂಡಿ ಮುಗಿದರೆ ಬೀದಿಯ ತುದಿಯವರೆಗೆ ಹೋಗಿ ಬರುತ್ತಾಳೆ. ನಾಲ್ಕು ತಿಂಗಳಿಗೆ ಬೆರಳು ಮಾಗಿದೆ, ಸೊಂಟ ಮೂವತ್ತೈದೂವರೆಗೆ ಇಳಿದಿದೆ. ದರ್ಜಿ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಅವನದು ಮೂವತ್ತೆಂಟು. ಅದನ್ನು ಅಕ್ಕ ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಸೊಂಟ ಅಳೆಯಿರಿ. ಟೇಪಿಲ್ಲದಿದ್ದರೆ ಒಂದು ದಾರ ಸುತ್ತಿ ಅದನ್ನು ಅಳೆದರೂ ಸಾಕು. ನರ್ಸಮ್ಮ ಹೇಳಿದ ಅಳತೆ ಮೀರಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ದಾಹ, ಸುಸ್ತು, ಮಾಗದ ಗಾಯ ಇದ್ದರಂತೂ ಅಳತೆಗೂ ಕಾಯಬೇಡಿ. ನಿಮ್ಮವರ ಅಳತೆ ಹೆಚ್ಚಿದ್ದರೆ ಪ್ರೀತಿಯಿಂದ ನಿಜವನ್ನೇ ಹೇಳಿ. ಹೇಳಿದ ಮೇಲೆ ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ನೀವೂ ನಡೆಯಿರಿ.