ಏಳು ಗಂಟೆಯ ತ್ರೀ ಫೇಸ್

ಆ ಟೇಪಿನ ಪೆಟ್ಟಿಗೆಯನ್ನು ಕಂಡ ದಿನವೇ ಯತ್ತಪ್ಪನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಶಿರಾದ ಮಹಾಲಿಂಗಯ್ಯನ ಆರ್ಕೆಸ್ಟ್ರಾದಲ್ಲಿ ಹತ್ತು ವರ್ಷದಿಂದ ಅವನದು ರಿದಮ್ ಗಿಟಾರು. ಹಾಡುವವರ ಹಿಂದೆ ನಿಂತು ತಾಳಕ್ಕೆ ತಂತಿ ಮೀಟುವ ಕೆಲಸ. ಅವನು ಕೂಲಿಗೆ ಹೋಗುವ ಕಡಲೆಕಾಯಿ ಗಿರಣಿ ಓಡುವುದು ವರ್ಷಕ್ಕೆ ಆರೇ ತಿಂಗಳು. ಉಳಿದ ಆರು ತಿಂಗಳು ಮೂರು ಮಕ್ಕಳ ಹೊಟ್ಟೆ ತುಂಬುತ್ತಿದ್ದುದು ಈ ಗಿಟಾರಿನಿಂದಲೇ.

ಮಧುಗಿರಿಯಿಂದ ಹೊಸದಾಗಿ ಬಂದ ಚಿಕ್ಕರಂಗಯ್ಯ ರೇಡಿಯೊ ರಿಪೇರಿಯವನು. ಹಳೆಯ ಸ್ಪೂಲ್ ಟೇಪ್‌ರೆಕಾರ್ಡರ್ ಬಿಚ್ಚಿ, ಟೇಪಿನ ಎರಡೂ ತುದಿ ಅಂಟಿಸಿ ಬಳೆ ಮಾಡಿ, ಅದು ಪಕ್ಕದಲ್ಲಿಟ್ಟ ಸೋಡಾ ಬಾಟಲಿಗೊಂದು ಸುತ್ತು ಹಾಕಿ ತಿರುಗುವಂತೆ ಕಟ್ಟಿದ್ದ. ಗಿಟಾರಿನಲ್ಲಿ ಬಾರಿಸಿದ್ದು ಟೇಪಿಗೆ ಹತ್ತಿ ಆರು ಸೆಕೆಂಡಿಗೆ ಮತ್ತೆ ಕೇಳುತ್ತಿತ್ತು. ಅದರ ಮೇಲೆ ಇನ್ನೊಂದು ಬಾರಿಸುತ್ತಿದ್ದ, ಅದರ ಮೇಲೆ ಮತ್ತೊಂದು. ಒಬ್ಬನೇ ನಾಲ್ವರಾಗುತ್ತಿದ್ದ.

"ಇವತ್ತು ಬರಗೂರಿನ ಮದ್ವೇಲಿ ಇದು ಸರ್ಯಾಗಿ ನಡುದ್ರೆ ಪಾವಗಡದ ಪ್ರೋಗ್ರಾಮಿಗೆ ನೀನು ಬರಾದ್ ಬ್ಯಾಡ ಕಣ್ಲಾ ಯತ್ತ," ಎಂದ ಮಹಾಲಿಂಗಯ್ಯ, ಎಲ್ಲರೆದುರೇ. "ಕೆಟ್ರೆ ನೀನ್ ಹಿಡ್ಕೋ, ಪಕ್ಕದಲ್ಲೇ ನಿಂತಿರು."

"ಹತ್ತು ವರ್ಸ ಬಾರಿಸ್ದೋನ್ಗಿಂತ ಬಾಟ್ಲಿ ಹೆಚ್ಚಾಗ್ಬುಡ್ತು ನಿಮ್ಗೆ."

"ಬಾಟ್ಲಿ ತಾಳ ತಪ್ಪಾಕಿಲ್ಲ ಕಣಣ್ಣ," ಚಿಕ್ಕರಂಗಯ್ಯ ನಕ್ಕ. "ಮಧ್ಯದಲ್ಲಿ ಬೀಡಿಗೂ ಎದ್ದೋಗಾಕಿಲ್ಲ."

ಬರಗೂರು ಯತ್ತಪ್ಪನ ಹೆಂಡತಿಯ ತವರು. ಸಂಜೆ ಏಳಕ್ಕೆ ತೋಟದ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಬರುತ್ತದೆ, ಪಂಪುಗಳೆಲ್ಲ ಒಮ್ಮೆಗೇ ಎಳೆದು ವೋಲ್ಟೇಜು ಇಳಿದು ಊರ ಬಲ್ಬುಗಳೆಲ್ಲ ಕೆಂಪಗಾಗುತ್ತವೆ, ಫ್ಯಾನು ಸೋಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಟೇಪಿನ ಮೋಟರೂ ಸೋಲಲೇಬೇಕು. ಸೋತರೆ ಅದರೊಳಗಿನ ಸ್ವರ ಕೆಳಗಿಳಿದು ಕೈಯಲ್ಲಿನ ಗಿಟಾರಿನೊಡನೆ ಜಗಳಕ್ಕೆ ಬೀಳುತ್ತದೆ. ಯತ್ತಪ್ಪ ಬಾಯಿ ಬಿಡಲಿಲ್ಲ.

ಆರೂ ಮುಕ್ಕಾಲಿಗೆ ಚಿಕ್ಕರಂಗಯ್ಯ ಶುರುಮಾಡಿದ. ಹಾಡಲ್ಲ, ಕೈಗೆ ಬಂದದ್ದು.

"ಯಾವ್ ಸಿನ್ಮಾದ್ಲಾ ಇದು?" ಮುಂದಿನ ಸಾಲಿನ ಮುದುಕನೊಬ್ಬ ಕೇಳಿದ.

"ಯಾವ್ದೂ ಅಲ್ವಂತೆ ಕಣಜ್ಜ."

"ಮತ್ಯಾಕೆ ಬಾರಿಸ್ತಾನೆ?"

ಏಳಾಯಿತು. ಬಲ್ಬುಗಳು ಕೆಂಪಗಾದವು, ಟೇಪು ನರಳಿತು. ಸುತ್ತಿ ಬಂದ ಸ್ವರಕ್ಕೂ ಹೊಸ ಸ್ವರಕ್ಕೂ ಹೊಂದದೆ ಕರ್ಕಶವಾಯಿತು. ಯಾರೋ ಸಿಳ್ಳೆ ಹಾಕಿದರು. ಬಾಳೆಹಣ್ಣಿನ ಸಿಪ್ಪೆಯೊಂದು ಸ್ಟೇಜಿಗೆ ಬಂದು ಬಿತ್ತು. ಯತ್ತಪ್ಪ ತನ್ನ ಗಿಟಾರನ್ನು ಹೆಗಲಿಗೇರಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

ಚಿಕ್ಕರಂಗಯ್ಯ ಬಲ್ಬು ನೋಡಿದ, ಆಮೇಲೆ ಅವನನ್ನು. "ಗೊತ್ತಿತ್ತಲ್ವಾ ನಿಂಗೆ?"

"ಬಾಟ್ಲೀನೇ ಕೇಳು."

ಚಿಕ್ಕರಂಗಯ್ಯ ಟೇಪನ್ನು ತನ್ನ ಪಾಡಿಗೆ ಸುತ್ತಲು ಬಿಟ್ಟು, ಅದಕ್ಕೇ ಕಿವಿ ಕೊಟ್ಟು, ಒಂದೊಂದಾಗಿ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲಿಸಿದ. ಟೇಪು ಎಲ್ಲಿಗೆ ಇಳಿದಿತ್ತೋ ಅಲ್ಲಿಗೇ ತಾನೂ ಇಳಿದು ಬಾರಿಸತೊಡಗಿದ. ಸಡಿಲ ತಂತಿಯ ಸದ್ದು ದಪ್ಪಗೆ, ಬಾವಿಯೊಳಗಿಂದ ಬಂದಂತೆ ಎದ್ದಿತು. ಸಿಳ್ಳೆ ನಿಂತಿತು. ಮುದುಕ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಾಗೇ ಕುಳಿತ.

ಶ್ರುತಿ ಕೂಡಿದೆ ಎಂದು ಯತ್ತಪ್ಪನ ಕಿವಿಗೆ ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು. ಹಳೆಯ ಶ್ರುತಿಯಲ್ಲೇ ಮೇಲೆ ಉಳಿದಿದ್ದು ಅವನ ಗಿಟಾರೊಂದೇ. ಈಗ ಅವನು ಒಂದು ಏಟು ಹಾಕಿದರೂ ಅಪಸ್ವರ.

ಮಹಾಲಿಂಗಯ್ಯ ಸ್ಟೇಜಿನ ಕೆಳಗಿನಿಂದಲೇ ಯತ್ತಪ್ಪನಿಗೆ, ನೀನು ಪಕ್ಕಕ್ಕೆ ಸರಿ ಎಂದು ಕೈ ಬೀಸಿದ.

"ತ್ರೀ ಫೇಸ್ ಎಷ್ಟೊತ್ತಿಗೆ ಹೋಯ್ತದಣ್ಣ?" ಚಿಕ್ಕರಂಗಯ್ಯ ತಲೆಯೆತ್ತದೆ ಕೇಳಿದ. "ತಂತಿ ಮತ್ತೆ ಏರಿಸ್ಬೇಕು."

ಹೋಗುವುದು ಒಂಬತ್ತಕ್ಕೆಂದು ಗೊತ್ತಿದ್ದರೂ ಹೇಳದೆ, ಯತ್ತಪ್ಪ ತನ್ನ ಗಿಟಾರಿನ ವೈರು ಕಿತ್ತು ಮೊಣಕೈಗೆ ಸುತ್ತಿಕೊಂಡ.

"ಅಷ್ಟು ದೊಡ್ ಕಿವಿ ಐತಲ್ಲ, ಟೇಪು ಯಾವಾಗ ಏರ್ತದೆ ಅಂತ ಕೇಳ್ಕಂಡ್ ಕೂತಿರು," ಎಂದು ಸ್ಟೇಜಿನ ಹಿಂದಿನಿಂದ ಇಳಿದು ಶಿರಾ ಬಸ್ಸಿಗೆ ನಡೆದ.