ಸುಂದರಿಯ ತಪ್ಪು ಕಾಣಿಕೆ

ಮತ ಕೇಳುವವರು ಎಲ್ಲ ಮನೆಗೂ ಹೋಗುತ್ತಾರೆ. ಆದರೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಸುಂದರಿಯ ಮನೆಗೆ ಆ ವಕೀಲೆ ಬಂದದ್ದು ಎದೆಗಾರಿಕೆಯೇ ಸರಿ. ಗೆದ್ದರೆ ವಿಧಾನಸಭೆಯಲ್ಲಿ ಮಸೂದೆ ತಂದು ರಾಜ್ಯದಲ್ಲಿ ಗಲ್ಲುಶಿಕ್ಷೆಯನ್ನೇ ತೆಗೆಸುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದವಳು ಆಕೆ. ಸುಂದರಿಯ ಮಗ ಮನೀಶನನ್ನೂ ಅವನ ಜೊತೆಗಾರರಿಬ್ಬರನ್ನೂ ಕಳವಿಗೆಂದು ನುಗ್ಗಿ ಕೋಣೆಯಲ್ಲಿ ಮಲಗಿದ್ದಲ್ಲೇ ಕಡಿದು ಹಾಕಿದವನು ಗಲ್ಲಿನ ತೀರ್ಪು ಹೊತ್ತು ಜೈಲಿನಲ್ಲಿದ್ದ.

"ಅವನೂ ಉಳೀತಾನಾ?" ಎಂದು ಸುಂದರಿ ತನಗೆ ಬರುವ ಮರಾಠಿಯಲ್ಲಿ ಕೇಳಿದಳು.

ವಕೀಲೆ ಸುಳ್ಳು ಹೇಳಲಿಲ್ಲ. ದಿಲ್ಲಿಯ ಒಪ್ಪಿಗೆಯೂ ಸಿಕ್ಕರೆ ಉಳಿಯುತ್ತಾನೆ, ಆದರೆ ಸಾಯುವವರೆಗೂ ಜೈಲಿನಲ್ಲೇ, ಎಂದಳು. ಸುಂದರಿ ಒಳಗೆ ಹೋಗಿ ಚಹಾ ಇಟ್ಟಳು. ಗಂಡ ಕುಶಲ ಮುಖ ಊದಿಸಿಕೊಂಡು ಟಿ.ವಿ.ಯ ದನಿ ಏರಿಸಿದ.

ಅವಳ ಕಷ್ಟ ಬೇರೆಯೇ ಇತ್ತು. ತೀರ್ಪು ಬಂದ ದಿನ ತುಳುನಾಡಿನ ತನ್ನೂರ ದೈವಕ್ಕೆ ಹರಕೆ ಹೇಳಿಕೊಂಡಿದ್ದಳು: ಅವನು ನೇಣಿಗೇರಲಿ, ನಿನಗೆ ಕೋಲದ ಸೇವೆ ಕೊಡಿಸುತ್ತೇನೆ. ಹೇಳಿಕೊಂಡ ಮೇಲೆ ಮನಸ್ಸು ಹಗುರವೂ ಆಗಿತ್ತು, ಕೊಲ್ಲುವ ಕೆಲಸ ದೈವದ ಪಾಲಿಗೆ ಹೋಯಿತಲ್ಲ. ಈಗ ನೋಡಿದರೆ ಅದು ಮತದ ರೂಪದಲ್ಲಿ ತಿರುಗಿ ಅವಳ ತಲೆಯ ಮೇಲೇ ಬಂದು ಕೂತಿತ್ತು. ವಕೀಲೆಯ ಎದುರಾಳಿಯಂತೂ ನೇಣು ಬೇಗ ಬೀಳಬೇಕೆಂದು ಲೌಡ್‌ಸ್ಪೀಕರಿನಲ್ಲಿ ಅರಚುತ್ತಿದ್ದ. ಮತಯಂತ್ರದಲ್ಲಿ ಅವನ ಗುಂಡಿ ಒತ್ತುವುದನ್ನು ನೆನೆದರೆ ಸುಂದರಿಗೆ ಅನ್ನ ಸೇರುತ್ತಿರಲಿಲ್ಲ. ವಕೀಲೆಯದನ್ನು ನೆನೆದರೆ ಮಗನ ಮುಖ ಎದುರಿಗೆ ಬರುತ್ತಿತ್ತು.

ಕೊನೆಗೆ ಊರಿನಲ್ಲಿದ್ದ ತಮ್ಮ ದಯಾನಂದನಿಗೆ ಫೋನ್ ಮಾಡಿದಳು.

"ದೈವಸ್ಥಾನಕ್ಕೆ ಹೋಗಿ ತಪ್ಪಾಯ್ತು ಅಂತ ನನ್ನ ಹೆಸರಲ್ಲಿ ತಪ್ಪು ಕಾಣಿಕೆ ಹಾಕು. ಆ ಹರಕೆ ಅಕ್ಕ ವಾಪಸ್ ತಗೊಂಡಿದ್ದಾಳೆ ಅಂತ ಹೇಳು."

"ಹೇಳಿಕೊಂಡದ್ದಲ್ವಾ ಅಕ್ಕ. ದೈವ ಮುನಿದ್ರೆ ಎಂತ ಮಾಡುದು?"

"ನನ್ನ ಮೇಲೆ ಮುನೀಲಿ. ಒಬ್ಬನ ಜೀವ ಕೇಳಿದ್ದು ನಾನೇ ಅಲ್ವಾ."

ಇದು ಕುಶಲನ ಕಿವಿಗೆ ಬಿತ್ತು. "ಮಗನನ್ನು ಕೊಂದವನ ಪರ ನೀನು ನಿಲ್ಲುದಾ?" ಎಂದವನು ಅಲ್ಲಿಂದಾಚೆ ಮಾತು ಬಿಟ್ಟ. ಉಪ್ಪು ಕಡಿಮೆಯಾಗಿದ್ದನ್ನೂ ಮಗಳು ಮಾನಸಿಯ ಮೂಲಕವೇ ಹೇಳಿಸಿದ. ಅವಳು ಅದನ್ನು ಹಿಂದಿಯಲ್ಲಿ ಅಮ್ಮನಿಗೆ ತಲುಪಿಸಿದಳು.

ಮತದಾನದ ದಿನ ಸುಂದರಿ ಯಂತ್ರದ ಮುಂದೆ ಬಹಳ ಹೊತ್ತು ನಿಂತಳು, ಅಧಿಕಾರಿ ಕೆಮ್ಮಿ ಎಚ್ಚರಿಸುವಷ್ಟು. ವಕೀಲೆಯ ಗುಂಡಿ ಒತ್ತಿ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಮಗನಿಗೆ ದ್ರೋಹ ಮಾಡಿದೆನೋ ಎಂಬ ಉರಿ ಹೊಸದಾಗಿ ಹತ್ತಿಕೊಂಡಿತ್ತು.

ಮತಗಟ್ಟೆಯಿದ್ದ ಶಾಲೆಯ ಗೇಟಿನ ಬಳಿ ಕುಶಲ ಕಾದಿದ್ದ. ಯಾರಿಗೆಂದು ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

"ಇನ್ನು ಅವ ಬದುಕಿದ್ರೆ ಅದು ನಿನ್ನಿಂದ," ಎಂದ.

"ಹೌದು," ಎಂದಳು ಸುಂದರಿ. "ಗಲ್ಲಿಗೆ ಹೋಗಿದ್ರೆ ಅದೂ ನನ್ನಿಂದಲೇ ಆಗ್ತಿತ್ತು."

ಇಬ್ಬರೂ ಒಂದೇ ರಿಕ್ಷಾದಲ್ಲಿ ಮನೆಗೆ ಹೋದರು.