ಗುರುಗಳ ಕೈಗುಣ

ನಿಕಾನೋರ್ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಮಿಲ್ಕೇಯಾಳ ಮೂಗು ತಾನಾಗಿಯೇ ಸೊಟ್ಟಗಾಗುತ್ತಿತ್ತು. ಹೊಟ್ಟೆಯ ಮೇಲೆ ಬಿಗಿದ ಆಟಗಾರನ ಅಂಗಿ, ಕತ್ತಿನಲ್ಲಿ ನಾಯಿ ಕಟ್ಟುವಷ್ಟು ದಪ್ಪದ ಸರ. ತಮ್ಮೂರಾದ ಬಾನಿಯ ಹುಡುಗರನ್ನು ಹೆಕ್ಕಿ, ಪಳಗಿಸಿ, ಅಮೆರಿಕದ ಬೇಸ್‌ಬಾಲ್ ತಂಡಗಳಿಗೆ ಸಾಗಹಾಕುವುದೇ ಅವನ ಕಸುಬು. ತಾನು ಆಡುತ್ತಿದ್ದ ಕಾಲದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಹಿಡಿದವನಲ್ಲ. ಊರು ಮಾತ್ರ ಅವನನ್ನು ಗುರುಗಳೇ ಎನ್ನುತ್ತಿತ್ತು. ಅವಳೂ ಹಾಗೆಯೇ ಕರೆಯುತ್ತಿದ್ದಳು, ಉಗುಳಿದ ಹಾಗೆ.

ತಾಯಿ ಪೋರ್ಟೊ ರೀಕೊಗೆ ಮನೆಗೆಲಸಕ್ಕೆ ಹೋದ ಮೇಲೆ ತಮ್ಮ ಓಸಿರಿಸ್‌ನನ್ನು ಸಾಕಿದವಳು ಮಿಲ್ಕೇಯಾ. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ತಲೆ ತೊಳೆದು, ಕೂದಲು ಸುತ್ತಿ ಅವನಿಗೆ ಅನ್ನ ಹಾಕಿದಳು. ಹುಡುಗ ಶಾಲೆಯ ತಂಡದಲ್ಲಿ ಪಿಚರ್. ಅವನೆಸೆದ ಚೆಂಡು ಎದುರಿನವರ ಕಣ್ಣಿಗೇ ಬೀಳುತ್ತಿರಲಿಲ್ಲ. ಸುದ್ದಿ ತಿಳಿದ ನಿಕಾನೋರ್ ಬಂದು ಅವನನ್ನು ತನ್ನ ಮೈದಾನಕ್ಕೆ ಕರೆದೊಯ್ದ.

ಕೆಲವು ವಾರಗಳ ನಂತರ ಅಂಗಿ ಒಗೆಯಲು ತಮ್ಮನ ಚೀಲ ಬಿಚ್ಚಿದಾಗ ಅವಳಿಗೆ ಸಣ್ಣದೊಂದು ಬಾಟಲಿಯೂ ಸೂಜಿಯೂ ಸಿಕ್ಕವು. ಕೈಯಲ್ಲಿದ್ದ ಒದ್ದೆ ಟವೆಲನ್ನೂ ಕೆಳಗಿಡದೆ ಮೈದಾನಕ್ಕೆ ನಡೆದಳು.

"ಏನ್ ಗುರುಗಳೇ ಇದು?"

"ವಿಟಮಿನ್ ಕಣಮ್ಮಾ. ತೋಳಿಗೆ ತಾಕತ್ತು ಬರತ್ತೆ."

"ಬಾಟಲಿ ಮೇಲೆ ಕುದುರೆ ಚಿತ್ರ ಇದೆಯಲ್ಲಾ! ನಮ್ಮ ಹುಡುಗ ಚೆಂಡು ಎಸೀಬೇಕೋ, ಗಾಡಿ ಎಳೀಬೇಕೋ?"

"ಕುದುರೆಗೆ ಒಳ್ಳೇದಾಗೋದು ಮನುಷ್ಯನಿಗೆ ಆಗಲ್ವಾ?"

"ಹಾಗಾದ್ರೆ ಮೊದಲು ನೀವೇ ಚುಚ್ಚಿಕೊಳ್ಳಿ. ಹುಲ್ಲು ನಾನು ತಂದು ಹಾಕ್ತೀನಿ."

ಸಾಲಾಗಿ ನಿಂತಿದ್ದ ಹುಡುಗರು ಗೊಳ್ಳೆಂದು ನಕ್ಕರು. ನಿಕಾನೋರನ ಮುಖ ಕೆಂಪಾಯಿತು. "ಇವನದು ಸತ್ತ ತೋಳು. ಕರ್ಕೊಂಡು ಹೋಗು! ತಲೆ ತೊಳೆಯೋದು ಕಲಿಸು!" ಎಂದು ಕೂಗಿದ.

ಓಸಿರಿಸ್ ಅತ್ತ. ಅಕ್ಕ ತನ್ನ ಬಾಳು ಹಾಳುಮಾಡಿದಳೆಂದು ಬಹಳ ದಿನ ಅವಳೊಡನೆ ಮಾತು ಬಿಟ್ಟ. ಅವಳು ಬಾಳೆಕಾಯಿ ಬೇಯಿಸಿ ಅರೆದು, ಮೇಲೆ ಹುರಿದ ಗಿಣ್ಣಿಟ್ಟು ತಟ್ಟೆಯನ್ನು ಅವನ ಮುಂದೆ ತಳ್ಳುತ್ತಿದ್ದಳು, ಅಷ್ಟೆ. ಹುಡುಗ ಬೇರೆ ದಾರಿಯಿಲ್ಲದೆ ಶಾಲೆಯ ತಂಡಕ್ಕೇ ಮರಳಿದ. ಪ್ರಾಂತ್ಯದ ಪಂದ್ಯಾವಳಿಯಲ್ಲಿ ಬೇರೆ ಯಾರನ್ನೋ ನೋಡಲು ಬಂದಿದ್ದ ಅಮೆರಿಕದ ತಂಡದವನೊಬ್ಬನ ಕಣ್ಣು ಇವನ ಮೇಲೆ ಬಿತ್ತು. ಅಲ್ಲಿಂದ ತಂಡದ ತರಬೇತಿ ಶಾಲೆ, ಆಮೇಲೆ ಹಲ್ಲು ಕಡಿಸುವ ಚಳಿಯ ಊರುಗಳಲ್ಲಿ ಬಸ್ಸಿನಲ್ಲೇ ಮಲಗಿ ಏಳುವ ಸಣ್ಣ ಲೀಗುಗಳು. ಕೊನೆಗೊಂದು ಬೇಸಿಗೆಯಲ್ಲಿ ದೊಡ್ಡ ಲೀಗಿನ ಕರೆ ಬಂತು. ಸತ್ತ ತೋಳನ್ನು ಈಗ ಊರಿಗೆ ಊರೇ ಟೀವಿಯ ಮುಂದೆ ಕೂತು ನೋಡಿತು.

ಆಟದ ಋತು ಮುಗಿದು ಅವನು ಮನೆಗೆ ಬಂದಾಗ ಮೋಟಾರುಸೈಕಲ್ಲುಗಳ ಮೆರವಣಿಗೆ. ಹಿಂದೆಯೇ ಊರಿನ ಟೀವಿಯವರು. ಅವರ ಹಿಂದೆ, ಕರೆಯದೆ ಬಂದ ನಿಕಾನೋರ್, ಹೊಸ ಅಂಗಿಯಲ್ಲಿ. ನೆಟ್ಟಗೆ ಬಂದು ಓಸಿರಿಸ್‌ನ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ಕೈಗುಣ ನೋಡಿ ಹೇಗಿದೆ!"

"ನಿಮ್ಮನ್ನು ಈ ಮಟ್ಟಕ್ಕೆ ತಂದವರು ಯಾರು?" ಟೀವಿಯ ಹುಡುಗಿ ಓಸಿರಿಸ್‌ನನ್ನು ಕೇಳಿದಳು.

ಅವನು ಒಮ್ಮೆ ಅಕ್ಕನನ್ನು, ಒಮ್ಮೆ ಹೆಗಲ ಮೇಲಿನ ಕೈಯನ್ನು ನೋಡಿದ. "ಎಲ್ಲಾ ಗುರುಗಳ ಆಶೀರ್ವಾದ."

"ಗುರುಗಳೇ," ಎಂದಳು ಮಿಲ್ಕೇಯಾ, "ಆ ಕುದುರೆ ಔಷಧಿ ಈಗಲೂ ಇಟ್ಕೊಂಡಿದೀರಾ?"

"ನಮ್ಮ ತಂಗಿಗೆ ಯಾವಾಗಲೂ ತಮಾಷೆ!" ನಿಕಾನೋರ್ ಜೋರಾಗಿ ನಕ್ಕ.

"ಅಕ್ಕಾ, ಸುಮ್ನಿರೇ," ಎಂದ ಓಸಿರಿಸ್.

ಅವಳಿಗೆ ನಾಟಿದ್ದು ಆ ಮಾತು. ಜನ ಚದುರಿದ ಮೇಲೆ ಅಡುಗೆಮನೆಯಲ್ಲಿ ತಮ್ಮನನ್ನು ಹಿಡಿದು ನಿಲ್ಲಿಸಿದಳು.

"ಯಾಕೋ ಹಾಗಂದೆ?"

"ಮುದುಕ ಆಗಿದಾನೆ ಅಕ್ಕ. ಈಗಲೂ ಎಷ್ಟೋ ಹುಡುಗ್ರು ಅವನ್ನೇ ನಂಬ್ಕೊಂಡಿದಾರೆ. ಎಲ್ಲರ ಮುಂದೆ ಅವನ ಮಾನ ಕಳೀಬೇಕಿತ್ತಾ?"

"ಅದಕ್ಕೇ ಕಳೀಬೇಕಿತ್ತು ಕಣೋ ದಡ್ಡ! ಅವನಿಗೆ ಮಾನ ಎಲ್ಲಿತ್ತು? ನಿನ್ನ ಮಾತು ನಂಬಿ ನಾಳೆ ಆ ಮಕ್ಕಳು ಸೂಜಿಗೆ ತೋಳು ಚಾಚ್ತಾರೆ. ಲೋಕವೆಲ್ಲ ನೋಡೋ ಆಟಗಾರನಂತೆ, ಥೂ! ಒಂದು ನಿಜ ಹೇಳೋಕೆ ಗಂಟಲಿಲ್ಲ."

ಓಸಿರಿಸ್ ರಾಜಧಾನಿಯಲ್ಲಿ ಅವಳಿಗೊಂದು ಮನೆ ಕೊಂಡುಕೊಡುತ್ತೇನೆಂದ. ಅವಳು ಪಾತ್ರೆ ತೊಳೆಯಲು ತಿರುಗಿದಳು.

ಮರುದಿನ ಬೆಳಿಗ್ಗೆ ಪಕ್ಕದ ಬೀದಿಯ ನೂರಿಸ್ ತಲೆ ತೊಳೆಸಿಕೊಳ್ಳಲು ಬಂದಳು. ತನ್ನ ಮಗನೂ ಈಗ ನಿಕಾನೋರನ ಕೈಯಲ್ಲಿ ಪಳಗುತ್ತಿದ್ದಾನೆಂದು ಹಿಗ್ಗಿನಿಂದ ಹೇಳಿದಳು. ಮಿಲ್ಕೇಯಾ ಅವಳ ತಲೆಯನ್ನು ಬೋಗುಣಿಗೆ ಬಗ್ಗಿಸಿ, ಸೋಪು ಹಚ್ಚುತ್ತ, ಬಾಟಲಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ತಮ್ಮ ಟೀವಿಯಲ್ಲಿ ಹೇಳಿದ್ದು ಶುದ್ಧ ಸುಳ್ಳೆಂಬುದನ್ನೂ ಬಿಡಲಿಲ್ಲ.

ನೂರಿಸ್ ನೊರೆ ಸುರಿಯುವ ತಲೆಯಲ್ಲೇ ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಮೈದಾನದ ಕಡೆ ಓಡಿದಳು.